ರೈಡಿಂಗ್ ಮೋವರ್‌ಗೆ ಬೇರೆ ಎಂಜಿನ್: ವೈರಿಂಗ್ ಮಾಡುವುದು ಹೇಗೆ?

ರೈಡಿಂಗ್ ಮೋವರ್, ಅಂದರೆ ಮೇಲೆ ಕೂತು ಓಡಿಸುವ ಹುಲ್ಲು ಕತ್ತರಿಸುವ ಯಂತ್ರ. ಅದರ ಹಳೇ ಎಂಜಿನ್ ಇಳಿಸಿ ಬೇರೆ ಎಂಜಿನ್ ಕೂರಿಸುವುದು ಅಂಥ ಕಷ್ಟದ ಕೆಲಸವಲ್ಲ. ನಾಲ್ಕು ಬೋಲ್ಟು, ಕೆಳಗಿನ ಪುಲ್ಲಿ, ಥ್ರಾಟಲ್ ಕೇಬಲ್, ಪೆಟ್ರೋಲ್ ಪೈಪು, ಅಷ್ಟೇ. ತಲೆ ಕೆಡುವುದು ಆಮೇಲೆ. ಮೋವರ್ ಕಡೆಯಿಂದ ಬರುವ ವೈರುಗಳು ಒಂದು ಥರದ ಪ್ಲಗ್‌ನಲ್ಲಿ ಮುಗಿಯುತ್ತವೆ, ಎಂಜಿನ್ ಕಡೆಯವು ಇನ್ನೊಂದು ಥರದ ಪ್ಲಗ್‌ನಲ್ಲಿ. ಒಂದು ಕಡೆ ಐದು ವೈರು, ಇನ್ನೊಂದು ಕಡೆ ಮೂರು. ಬಣ್ಣವೂ ಹೊಂದುವುದಿಲ್ಲ.

ಇಲ್ಲಿ ಎಷ್ಟೋ ಜನ ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು ಸೇರಿಸಿ ಕೀ ತಿರುಗಿಸಿಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಮೋವರ್ ವೈರಿನ ಬಣ್ಣಕ್ಕೆ ಎಲ್ಲ ಕಂಪನಿಗಳೂ ಒಪ್ಪಿದ ನಿಯಮ ಇಲ್ಲ. ಬ್ರಿಗ್ಸ್ ಅಂಡ್ ಸ್ಟ್ರಾಟನ್ ಕಂಪನಿಯ ಎಂಜಿನ್ನಿನ ಎರಡು ವೈರಿನ ಆಲ್ಟರ್ನೇಟರ್‌ನಲ್ಲಿ (ಎಂಜಿನ್ ಓಡುವಾಗ ಕರೆಂಟು ಹುಟ್ಟಿಸುವ ಭಾಗ) ಕಪ್ಪು ವೈರು ಅರ್ತ್, ಅಂದರೆ ಬ್ಯಾಟರಿಯ ನೆಗೆಟಿವ್‌ಗೆ ಸೇರುವ ವೈರು, ಅಲ್ಲವೇ ಅಲ್ಲ. ಹೆಡ್‌ಲೈಟಿಗೆ ಎಸಿ ಕರೆಂಟು ಕೊಡುವುದು ಅದು. ಕೊಹ್ಲರ್‌ನ ಹಲವು ಎಂಜಿನ್‌ಗಳಲ್ಲಿ ಎಂಜಿನ್ ನಿಲ್ಲಿಸುವ ವೈರೂ ಬಿಳಿ, ಸ್ಟೇಟರ್‌ನಿಂದ (ಆಲ್ಟರ್ನೇಟರಿನ ತಿರುಗದ ತಂತಿ ಸುರುಳಿ) ಬರುವ ಎರಡು ವೈರೂ ಬಿಳಿ. ಆದ್ದರಿಂದ ಬಣ್ಣ ಬಿಡಿ, ಕೆಲಸ ನೋಡಿ. ಯಾವ ವೈರು ಏನು ಮಾಡುತ್ತದೆ ಅಂತ ತಿಳಿದರೆ ಒಂದು ಕಂಪನಿಯ ಎಂಜಿನ್ನನ್ನು ಇನ್ನೊಂದು ಕಂಪನಿಯ ಮೋವರ್‌ಗೆ ಧೈರ್ಯವಾಗಿ ಹೊಂದಿಸಬಹುದು.

ಇದು ಕಾರ್ಬ್ಯುರೇಟರ್ ಇರುವ ಪೆಟ್ರೋಲ್ ಎಂಜಿನ್‌ಗಳಿಗೆ ಬರೆದದ್ದು. ಇಎಫ್‌ಐ, ಅಂದರೆ ಕಾರ್ಬ್ಯುರೇಟರ್ ಬದಲು ಪೆಟ್ರೋಲ್ ಸಿಂಪಡಿಸುವ ಎಂಜಿನ್ನಿನಲ್ಲಿ ಕಂಪ್ಯೂಟರ್, ಸೆನ್ಸರ್, ಪಂಪ್ ಎಲ್ಲ ಸೇರಿಕೊಳ್ಳುವುದರಿಂದ ಅದಕ್ಕೆ ಕಂಪನಿಯ ವೈರಿಂಗ್ ನಕ್ಷೆಯೇ ಬೇಕು.

ಹಳೇ ಎಂಜಿನ್ ಇಳಿಸುವ ಮುಂಚೆ

ಮೊದಲು ಬ್ಯಾಟರಿಯ ನೆಗೆಟಿವ್ ಕೇಬಲ್ ಬಿಚ್ಚಿ, ಆಮೇಲೆ ಪಾಸಿಟಿವ್. ಕೂರಿಸುವಾಗ ಇದರ ತಿರುಗುಮುರುಗು: ನೆಗೆಟಿವ್ ಕೊನೆಗೆ. ಮೋವರ್‌ನ ಚಾಸಿ (ಲೋಹದ ಚೌಕಟ್ಟು) ಪೂರ್ತಿ ನೆಗೆಟಿವ್‌ಗೆ ಸೇರಿರುತ್ತದೆ. ನೆಗೆಟಿವ್ ಹಾಗೇ ಇದ್ದಾಗ ಪಾಸಿಟಿವ್ ನಟ್ಟಿಗೆ ಸ್ಪಾನರ್ ಹಾಕಿ, ಅದರ ಇನ್ನೊಂದು ತುದಿ ಚಾಸಿಗೆ ತಗುಲಿದರೆ ಸ್ಪಾನರ್ ಕಾದು ಕೆಂಪಾಗುತ್ತದೆ. ಸ್ಪಾರ್ಕ್ ಪ್ಲಗ್ಗಿನ ಕ್ಯಾಪೂ ಕಳಚಿ ಪಕ್ಕಕ್ಕೆ ಸರಿಸಿ. ಬ್ಲೇಡಿನ ಹತ್ತಿರ ಕೈ ಹೋಗುವ ಕೆಲಸ ಇದು.

ಪ್ರತಿ ಜೋಡಣೆಯ ಫೋಟೊ ತೆಗೆಯಿರಿ. ಬರೀ ಮೇಲಿಂದ ಸಾಲದು, ಪಕ್ಕದಿಂದಲೂ ಬೇಕು. ಬಿಚ್ಚಿದ ಪ್ರತಿ ವೈರಿಗೂ ಟೇಪು ಸುತ್ತಿ, ಅದು ಎಲ್ಲಿಗೆ ಹೋಗಿತ್ತು ಅಂತ ಬರೆಯಿರಿ. ‘ಕೆಂಪು ವೈರು’ ಅಂತ ಬರೆದರೆ ಉಪಯೋಗವಿಲ್ಲ. ‘ಸ್ಟಾರ್ಟರ್ ಬೋಲ್ಟಿಗೆ’, ‘ಕಾರ್ಬ್ಯುರೇಟರ್ ಕೆಳಗಿನ ಸೊಲೆನಾಯ್ಡಿಗೆ’ ಅಂತ ಬರೆಯಿರಿ. ಸೊಲೆನಾಯ್ಡ್ ಅಂದರೆ ಕರೆಂಟು ಕೊಟ್ಟಾಗ ಒಳಗಿನ ಪಿನ್ನನ್ನು ಎಳೆಯುವ ತಂತಿ ಸುರುಳಿ.

ಇನ್ನೊಂದು ಮಾತು. ಹಳೇ ಎಂಜಿನ್ ಹೇಗೂ ಗುಜರಿಗೆ ಹೋಗುವುದಾದರೆ ಅದರ ಕಡೆಯ ಪ್ಲಗ್ಗನ್ನು ಒಂದು ಗೇಣು ವೈರಿನ ಸಮೇತ ಕತ್ತರಿಸಿ ಇಟ್ಟುಕೊಳ್ಳಿ. ಹೊಸ ಎಂಜಿನ್ನಿನ ಪ್ಲಗ್ಗಿಗೆ ಹೊಂದುವ ಇನ್ನೊಂದು ಪ್ಲಗ್ಗನ್ನು ಈ ತುಂಡಿಗೆ ಸೇರಿಸಿದರೆ ಮಧ್ಯೆ ಒಂದು ಅಡಾಪ್ಟರ್ ತಯಾರಾಗುತ್ತದೆ. ಮೋವರ್‌ನ ವೈರೂ ಕತ್ತರಿಸಬೇಕಿಲ್ಲ, ಹೊಸ ಎಂಜಿನ್ನಿನದೂ ಬೇಡ. ಏನಾದರೂ ತಪ್ಪಿದರೆ ಅಡಾಪ್ಟರ್ ಒಂದನ್ನೇ ತಿದ್ದಿದರಾಯಿತು.

ಎರಡೂ ಎಂಜಿನ್‌ಗಳ ನಂಬರ್ ಬರೆದಿಟ್ಟುಕೊಳ್ಳಿ. ಬ್ರಿಗ್ಸ್‌ನಲ್ಲಿ ಮಾಡೆಲ್, ಟೈಪ್, ಕೋಡ್ ಅಂತ ಮೂರು ಇರುತ್ತವೆ. ಮಾಡೆಲ್ ನಂಬರಿನ ಮೊದಲ ಎರಡು ಅಂಕಿ ಎಂಜಿನ್ನಿನ ಗಾತ್ರವನ್ನು ಕ್ಯೂಬಿಕ್ ಇಂಚಿನಲ್ಲಿ ಹೇಳುತ್ತವೆ; 31 ಅಂತಿದ್ದರೆ 31 ಕ್ಯೂಬಿಕ್ ಇಂಚು, ಅಂದರೆ ಸುಮಾರು 500 ಸಿಸಿ. ಕೊಹ್ಲರ್‌ನಲ್ಲಿ ಸ್ಪೆಕ್ ನಂಬರ್ ಮುಖ್ಯ. ಮಾಡೆಲ್ ಒಂದೇ ಇದ್ದು ಟೈಪ್ ಅಥವಾ ಸ್ಪೆಕ್ ಬೇರೆಯಾದರೆ ಆಲ್ಟರ್ನೇಟರೂ ಬೇರೆ ಇರಬಹುದು. ವೈರಿಂಗ್ ನಕ್ಷೆ ಹುಡುಕುವಾಗ ಪೂರ್ತಿ ನಂಬರ್ ಕೊಟ್ಟೇ ಹುಡುಕಿ.

ಎಂಜಿನ್ನಿಗೆ ಬೇಕಾದದ್ದು ಐದೇ ಐದು

ಪ್ಲಗ್‌ನಲ್ಲಿ ಎಷ್ಟೇ ವೈರು ಇರಲಿ, ಕೆಲಸ ಇಷ್ಟೇ. ಸ್ಟಾರ್ಟರ್ ಮೋಟರಿಗೆ ದಪ್ಪ ಕೇಬಲ್. ಎಂಜಿನ್ ನಿಲ್ಲಿಸುವ ಕಿಲ್ ವೈರ್. ಕಾರ್ಬ್ಯುರೇಟರಿನ ಪೆಟ್ರೋಲ್ ಸೊಲೆನಾಯ್ಡಿಗೆ ಕರೆಂಟು. ಬ್ಯಾಟರಿ ಚಾರ್ಜ್ ಮಾಡುವ ವೈರು. ಮತ್ತೆ ಅರ್ತ್. ಕೆಲವು ಎಂಜಿನ್‌ಗಳಲ್ಲಿ ಇದರ ಜೊತೆಗೆ ಹೆಡ್‌ಲೈಟಿನ ಎಸಿ ವೈರು, ಆಯಿಲ್ ಪ್ರೆಶರ್ ಸ್ವಿಚ್ಚಿನ ವೈರು ಇರುತ್ತವೆ. ಆಯಿಲ್ ಸ್ವಿಚ್ಚಿಗೆ ಮೋವರ್‌ನಲ್ಲಿ ಲ್ಯಾಂಪ್ ಇಲ್ಲದಿದ್ದರೆ ಆ ವೈರಿನ ತುದಿಗೆ ಸ್ಲೀವ್ ಹಾಕಿ ಕಟ್ಟಿಬಿಡಿ. ಬೇರೆ ಯಾವುದಕ್ಕೂ ಸೇರಿಸಬೇಡಿ.

ಕಿಲ್ ವೈರ್: ಇದೊಂದು ತಪ್ಪಬಾರದು

ಇಡೀ ಕೆಲಸದಲ್ಲಿ ದುಬಾರಿ ತಪ್ಪು ಆಗುವ ಜಾಗ ಇದು. ಹಾಗಾಗಿ ಇಲ್ಲಿ ಸ್ವಲ್ಪ ನಿಧಾನವಾಗಿ ನೋಡೋಣ.

ಈ ಎಂಜಿನ್‌ಗಳಲ್ಲಿ ಹೆಚ್ಚಿನವಕ್ಕೆ ಸ್ಪಾರ್ಕ್ ಬರಲು ಬ್ಯಾಟರಿ ಬೇಡವೇ ಬೇಡ. ಫ್ಲೈವೀಲಿನ (ಎಂಜಿನ್ ಜೊತೆ ತಿರುಗುವ ಭಾರದ ಚಕ್ರ) ಅಂಚಿನಲ್ಲಿರುವ ಆಯಸ್ಕಾಂತ ಸ್ಪಾರ್ಕ್ ಕೊಡುವ ಕಾಯಿಲಿನ ಪಕ್ಕದಲ್ಲಿ ಹಾದುಹೋದಾಗ ಕಾಯಿಲಿನಲ್ಲೇ ಕರೆಂಟು ಹುಟ್ಟುತ್ತದೆ. ಅದರಿಂದಲೇ ಸ್ಪಾರ್ಕ್. ಎಂಜಿನ್ ನಿಲ್ಲಿಸಬೇಕಾದರೆ ಕಾಯಿಲಿನ ಒಂದು ಸಣ್ಣ ಪಿನ್ನನ್ನು ಚಾಸಿಗೆ ಮುಟ್ಟಿಸಬೇಕು. ಆ ಪಿನ್ನಿನಿಂದ ಹೊರಗೆ ಬರುವುದೇ ಕಿಲ್ ವೈರ್. ಅಂದರೆ ಇದು ಅರ್ತ್ ಆದರೆ ಎಂಜಿನ್ ನಿಲ್ಲುತ್ತದೆ, ಯಾವುದಕ್ಕೂ ತಾಗದೆ ಬಿಟ್ಟುಕೊಂಡಿದ್ದರೆ ಓಡುತ್ತದೆ.

ಈ ವೈರಿಗೆ 12 ವೋಲ್ಟ್ ಯಾವತ್ತೂ ಹೋಗಬಾರದು. ಹೋದರೆ ಕಾಯಿಲಿನ ಒಳಗಿರುವ ಎಲೆಕ್ಟ್ರಾನಿಕ್ ಭಾಗ ಸುಟ್ಟುಹೋಗುತ್ತದೆ. ಒಂದು ಕ್ಷಣ ಸಾಕು. ಹೊಸ ಎಂಜಿನ್, ಹೊಸ ಕಾಯಿಲು, ಆದರೂ ಸ್ಪಾರ್ಕ್ ಇಲ್ಲ ಅಂತ ಆಗುವುದು ಹೆಚ್ಚಾಗಿ ಹೀಗೆಯೇ.

ಆದ್ದರಿಂದ ಎಂಜಿನ್ನಿಗೆ ಸೇರಿಸುವ ಮುಂಚೆ ಮೋವರ್ ಕಡೆಯ ಕಿಲ್ ವೈರನ್ನು ಮಲ್ಟಿಮೀಟರಿನಲ್ಲಿ ಪರೀಕ್ಷಿಸಿ. ಬ್ಯಾಟರಿ ಜೋಡಿಸಿ, ಸ್ಟಾರ್ಟರಿನ ದಪ್ಪ ಕೇಬಲ್ ಮಾತ್ರ ಬಿಚ್ಚಿ ತುದಿಗೆ ಟೇಪು ಸುತ್ತಿಡಿ. ಸೀಟಿನ ಮೇಲೆ ಒಬ್ಬರು ಕೂರಲಿ, ಬ್ರೇಕ್ ಒತ್ತಿರಲಿ, ಬ್ಲೇಡ್ ಸ್ವಿಚ್ ಆಫ್ ಇರಲಿ. ಮೊದಲು ವೋಲ್ಟ್ ನೋಡಿ: ಆಫ್, ರನ್, ಸ್ಟಾರ್ಟ್ ಮೂರರಲ್ಲೂ ಸೊನ್ನೆ ಬರಬೇಕು. ಸೊನ್ನೆ ಬಂದ ಮೇಲೆ ಮೀಟರನ್ನು ಬೀಪ್‌ಗೆ ತಿರುಗಿಸಿ, ಒಂದು ಮುಳ್ಳು ಕಿಲ್ ವೈರಿಗೆ, ಇನ್ನೊಂದು ಚಾಸಿಗೆ ಹಿಡಿಯಿರಿ. ಆಫ್‌ನಲ್ಲಿ ಬೀಪ್ ಬರಬೇಕು. ರನ್ ಮತ್ತು ಸ್ಟಾರ್ಟ್‌ನಲ್ಲಿ ಬೀಪ್ ನಿಲ್ಲಬೇಕು. ಈಗ ಬ್ಲೇಡ್ ಸ್ವಿಚ್ ಆನ್ ಮಾಡಿ, ಕೀ ರನ್‌ನಲ್ಲಿಟ್ಟು, ಕೂತವರು ಎದ್ದರೆ ಮತ್ತೆ ಬೀಪ್ ಬರಬೇಕು. ಇಷ್ಟೂ ಸರಿಯಿದ್ದರೆ ಕಣ್ಣು ಮುಚ್ಚಿ ಸೇರಿಸಬಹುದು.

ಎರಡು ಸಿಲಿಂಡರ್ ಎಂಜಿನ್‌ಗಳಲ್ಲಿ ಹಲವಕ್ಕೆ ಎರಡು ಕಾಯಿಲು ಇರುತ್ತವೆ. ಬ್ರಿಗ್ಸ್‌ನ ವಿ-ಟ್ವಿನ್‌ಗಳಲ್ಲಿ ಎರಡರ ಕಿಲ್ ವೈರ್ ಒಂದಾಗುವ ಕಡೆ ಡಯೋಡುಗಳು (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಭಾಗ) ಇರುತ್ತವೆ. ಒಂದು ಕಾಯಿಲಿನ ಕರೆಂಟು ಇನ್ನೊಂದರ ಕೆಲಸ ಕೆಡಿಸದಿರಲಿ ಅಂತ ಅವು. ಆ ತುಂಡನ್ನು ತೆಗೆದು ಎರಡನ್ನೂ ಸುಮ್ನೆ ತಿರುಚಿ ಸೇರಿಸಬೇಡಿ.

ಇನ್ನೊಂದು ತೊಡಕು ಹಳೇ ಮೋವರ್‌ಗಳಲ್ಲಿ ಬರುತ್ತದೆ. ಕೊಹ್ಲರ್‌ನ ಕೆ ಸರಣಿ, ಓನನ್‌ನಂಥ ಹಳೇ ಎಂಜಿನ್‌ಗಳಲ್ಲಿ ಹಲವು ಬ್ಯಾಟರಿಯಿಂದಲೇ ಸ್ಪಾರ್ಕ್ ಪಡೆಯುತ್ತಿದ್ದವು. ಅವುಗಳ ಕೀ ಸ್ವಿಚ್ ರನ್‌ನಲ್ಲಿ ಕಾಯಿಲಿಗೆ 12 ವೋಲ್ಟ್ ಕಳಿಸುತ್ತದೆ, ಆಫ್‌ನಲ್ಲಿ ಕಡಿದುಹಾಕುತ್ತದೆ. ಮ್ಯಾಗ್ನೆಟೊ, ಅಂದರೆ ಆಯಸ್ಕಾಂತದಿಂದ ಸ್ಪಾರ್ಕ್ ಹುಟ್ಟಿಸುವ ಎಂಜಿನ್ನಿಗೆ ಬೇಕಾದದ್ದು ಇದರ ಉಲ್ಟಾ. ಆ ವೈರನ್ನು ಹೊಸ ಎಂಜಿನ್ನಿನ ಕಿಲ್ ವೈರಿಗೆ ಸೇರಿಸಿದರೆ ಕಥೆ ಮುಗಿಯಿತು.

ಸ್ವಿಚ್ ಬದಲಿಸಬಹುದು. ಆದರೆ ಸೀಟು, ಬ್ರೇಕಿನ ಸೇಫ್ಟಿ ಸ್ವಿಚ್ಚುಗಳೂ ಕರೆಂಟು ಕಡಿಯುವ ಲೆಕ್ಕದಲ್ಲೇ ಇರುವುದರಿಂದ ಅವನ್ನೂ ಬದಲಿಸಬೇಕಾಗುತ್ತದೆ. ನನಗೆ ಹಿಡಿಸುವ ದಾರಿ ಒಂದು ಐದು ಪಿನ್ನಿನ 12 ವೋಲ್ಟ್ ರಿಲೇ (ಕರೆಂಟಿನಿಂದ ತಾನಾಗಿ ಬದಲಾಗುವ ಸ್ವಿಚ್ಚು), ಕಾರುಗಳಿಗೆ ಹಾಕುತ್ತಾರಲ್ಲ, ಅದೇ. ಹಳೇ ಕಾಯಿಲಿಗೆ ಹೋಗುತ್ತಿದ್ದ ವೈರನ್ನು 86ನೇ ಪಿನ್ನಿಗೆ ಕೊಡಿ. 85 ಅರ್ತ್‌ಗೆ. ಹೊಸ ಎಂಜಿನ್ನಿನ ಕಿಲ್ ವೈರ್ 30ಕ್ಕೆ. 87ಎ ಅರ್ತ್‌ಗೆ. 87 ಖಾಲಿ ಇರಲಿ, ಅದಕ್ಕೆ ಸ್ಲೀವ್ ಹಾಕಿ. ಈಗ ಹಳೇ ವೈರಿನಲ್ಲಿ ಕರೆಂಟು ಇರುವಷ್ಟು ಹೊತ್ತು ರಿಲೇ ಕಿಲ್ ವೈರನ್ನು ಬಿಟ್ಟುಕೊಂಡಿರುತ್ತದೆ. ಕೀ ಆಫ್ ಮಾಡಿದರೂ, ಸೀಟಿನಿಂದ ಎದ್ದರೂ, ಫ್ಯೂಸ್ ಹೋದರೂ ಕಿಲ್ ವೈರ್ ಅರ್ತ್ ಆಗಿ ಎಂಜಿನ್ ನಿಲ್ಲುತ್ತದೆ. ಹಳೇ ಸೇಫ್ಟಿ ಸ್ವಿಚ್ಚುಗಳು ಒಂದೂ ಬದಲಾಗದೆ ಕೆಲಸ ಮಾಡುತ್ತವೆ. ಈ ದಾರಿಯಲ್ಲಿ ಹೋದವರು ಮೇಲೆ ಹೇಳಿದ ಮೀಟರ್ ಪರೀಕ್ಷೆಯನ್ನು ರಿಲೇಯ 30ನೇ ಪಿನ್ನಿನ ವೈರಿನಲ್ಲಿ ಮಾಡಿ.

ಕೀ ಸ್ವಿಚ್ಚಿನ ಅಕ್ಷರಗಳು

ಸ್ವಿಚ್ಚಿನ ಹಿಂದೆ ಸಣ್ಣ ಅಕ್ಷರಗಳಿರುತ್ತವೆ. ಬಿ ಅಂದರೆ ಬ್ಯಾಟರಿಯಿಂದ ಫ್ಯೂಸ್ ಮೂಲಕ ಬಂದ ಕರೆಂಟು. ಎಸ್ ಸ್ಟಾರ್ಟರ್ ಸೊಲೆನಾಯ್ಡಿಗೆ. ಎಂ ಮ್ಯಾಗ್ನೆಟೊಗೆ, ಅಂದರೆ ಕಿಲ್ ವೈರ್. ಜಿ ಚಾಸಿಗೆ. ಎಲ್ ಅಥವಾ ಎ ಲೈಟು, ಪೆಟ್ರೋಲ್ ಸೊಲೆನಾಯ್ಡು, ಚಾರ್ಜಿಂಗ್‌ನಂಥ ಕೆಲಸಗಳಿಗೆ. ಆಫ್‌ನಲ್ಲಿ ಎಂ ಮತ್ತು ಜಿ ಒಂದಾಗುತ್ತವೆ. ರನ್‌ನಲ್ಲಿ ಬಿ ಮತ್ತು ಎಲ್ ಒಂದಾಗುತ್ತವೆ. ಸ್ಟಾರ್ಟ್‌ನಲ್ಲಿ ಬಿ, ಎಸ್ ಒಂದಾಗುತ್ತವೆ, ಎಷ್ಟೋ ಸ್ವಿಚ್ಚುಗಳಲ್ಲಿ ಎಲ್ ಕೂಡ ಜೊತೆಗಿರುತ್ತದೆ.

ನೋಡಲು ಒಂದೇ ಥರ ಇರುವ ಎರಡು ಸ್ವಿಚ್ಚುಗಳ ಒಳಗಿನ ಜೋಡಣೆ ಬೇರೆಬೇರೆ ಇರುವುದು ಮಾಮೂಲು. ಸ್ವಿಚ್ಚಿನ ಪ್ಲಗ್ ಕಳಚಿ, ಬರೀ ಸ್ವಿಚ್ಚಿನ ಮೇಲೆ ಮೀಟರ್ ಹಿಡಿದು, ಮೂರು ಸ್ಥಾನದಲ್ಲೂ ಯಾವುದು ಯಾವುದಕ್ಕೆ ಬೀಪ್ ಅನ್ನುತ್ತದೆ ಅಂತ ಬರೆದುಕೊಳ್ಳಿ. ಐದು ನಿಮಿಷದ ಕೆಲಸ. ಅಕ್ಷರ ಅಳಿಸಿಹೋಗಿದ್ದರೂ ಹೀಗೆ ಪತ್ತೆ ಮಾಡಬಹುದು.

ಸ್ಟಾರ್ಟರ್ ಕಡೆ

ಹೊಸ ಎಂಜಿನ್ನಿನ ಸ್ಟಾರ್ಟರಿಗೆ ಒಂದೇ ದಪ್ಪ ಬೋಲ್ಟು ಇದ್ದರೆ ಕೆಲಸ ಸುಲಭ. ಮೋವರ್ ಚಾಸಿಯ ಮೇಲಿರುವ ಸೊಲೆನಾಯ್ಡಿನಿಂದ (ಕೀ ತಿರುಗಿಸಿದಾಗ ಸ್ಟಾರ್ಟರಿಗೆ ಕರೆಂಟು ಬಿಡುವ ಸ್ವಿಚ್ಚು ಇದು) ಬರುವ ದಪ್ಪ ಕೇಬಲನ್ನು ಅದಕ್ಕೆ ಬಿಗಿಯಿರಿ, ಆಯಿತು. ಕೇಬಲ್ ಚಿಕ್ಕದಾದರೆ ತುಂಡು ಸೇರಿಸಬೇಡಿ, ಹೊಸದೇ ಹಾಕಿ. 16 ಚದರ ಮಿಲಿಮೀಟರಿಗಿಂತ ತೆಳುವಾದ ತಾಮ್ರದ ಕೇಬಲ್ ಬೇಡ.

ಚಾಸಿ ಸೊಲೆನಾಯ್ಡಿನಲ್ಲೂ ಎರಡು ಬಗೆ. ಮೂರು ಬೋಲ್ಟಿನದಕ್ಕೆ ತಳವೇ ಅರ್ತ್, ಹಾಗಾಗಿ ಕೂರಿಸುವ ಜಾಗದಲ್ಲಿ ಪೇಂಟ್ ಇರಬಾರದು. ನಾಲ್ಕು ಬೋಲ್ಟಿನದರಲ್ಲಿ ಎರಡು ಸಣ್ಣವು: ಒಂದಕ್ಕೆ ಸ್ವಿಚ್ಚಿನಿಂದ ಕರೆಂಟು, ಇನ್ನೊಂದಕ್ಕೆ ಅರ್ತ್.

ಗೊಂದಲ ಆಗುವುದು ಸ್ಟಾರ್ಟರಿನ ಬೆನ್ನ ಮೇಲೇ ಸೊಲೆನಾಯ್ಡ್ ಇರುವ ಎಂಜಿನ್‌ಗಳಲ್ಲಿ. ಕೊಹ್ಲರ್, ಕವಾಸಕಿಯ ಹಲವು ಎಂಜಿನ್‌ಗಳು ಹೀಗಿರುತ್ತವೆ. ಅಲ್ಲಿ ದಪ್ಪ ಬೋಲ್ಟಿಗೆ ಬ್ಯಾಟರಿ ಕರೆಂಟು ಸದಾ ಇರಬೇಕು, ಪಕ್ಕದ ಸಣ್ಣ ಪಿನ್ನಿಗೆ ಸ್ಟಾರ್ಟ್ ಮಾಡುವಾಗ ಮಾತ್ರ ಕರೆಂಟು ಬರಬೇಕು. ಹಳೇ ಕೇಬಲನ್ನು ದಪ್ಪ ಬೋಲ್ಟಿಗೆ ಹಾಕಿ ಸುಮ್ಮನಾದರೆ ಕೀ ತಿರುಗಿಸಿದಾಗ ಚಾಸಿ ಸೊಲೆನಾಯ್ಡ್ ಟಕ್ ಅನ್ನುತ್ತದೆ, ಸ್ಟಾರ್ಟರ್ ಅಲ್ಲಾಡುವುದಿಲ್ಲ. ಜನ ಸ್ಟಾರ್ಟರ್ ಕೆಟ್ಟಿದೆ ಅಂದುಕೊಳ್ಳುತ್ತಾರೆ.

ಮಾಡಬೇಕಾದದ್ದು ಇಷ್ಟು. ಸ್ಟಾರ್ಟರಿಗೆ ಹೋಗುವ ದಪ್ಪ ಕೇಬಲಿನ ಈ ಕಡೆಯ ತುದಿಯನ್ನು ಚಾಸಿ ಸೊಲೆನಾಯ್ಡಿನ ಸ್ಟಾರ್ಟರ್ ಬೋಲ್ಟಿನಿಂದ ತೆಗೆದು ಬ್ಯಾಟರಿ ಬೋಲ್ಟಿಗೆ ಹಾಕಿ. ಈಗ ಅದರಲ್ಲಿ ಯಾವಾಗಲೂ ಕರೆಂಟು ಇರುತ್ತದೆ. ಖಾಲಿಯಾದ ಬೋಲ್ಟಿನಿಂದ 2.5 ಚದರ ಮಿಲಿಮೀಟರ್ ವೈರೊಂದನ್ನು ಸ್ಟಾರ್ಟರಿನ ಸಣ್ಣ ಪಿನ್ನಿಗೆ ಎಳೆಯಿರಿ. ಹಳೇ ಸೊಲೆನಾಯ್ಡ್ ಈಗ ಬರೀ ರಿಲೇ ಕೆಲಸ ಮಾಡುತ್ತದೆ. ಕೀ ಸ್ವಿಚ್ಚಿಗೂ ಸೇಫ್ಟಿ ಸ್ವಿಚ್ಚುಗಳಿಗೂ ಹೆಚ್ಚು ಹೊರೆ ಬೀಳುವುದಿಲ್ಲ. ಸದಾ ಕರೆಂಟು ಇರುವ ಆ ದಪ್ಪ ಬೋಲ್ಟಿಗೆ ರಬ್ಬರ್ ಬೂಟು ಹಾಕುವುದನ್ನು ಮಾತ್ರ ಮರೆಯಬೇಡಿ.

ಪೆಟ್ರೋಲ್ ಸೊಲೆನಾಯ್ಡ್

ಕಾರ್ಬ್ಯುರೇಟರಿನ ಬಟ್ಟಲಿನ ಕೆಳಗೆ ಹೆಬ್ಬೆರಳಿನಷ್ಟು ದಪ್ಪದ ಒಂದು ಭಾಗ ಕಂಡರೆ, ಅದರಿಂದ ಒಂದೋ ಎರಡೋ ವೈರು ಬಂದಿದ್ದರೆ, ಅದೇ ಇದು. ಕರೆಂಟು ಇದ್ದಾಗ ಅದರ ಪಿನ್ನು ಒಳಗೆ ಹೋಗಿ ಪೆಟ್ರೋಲ್ ಬಿಡುತ್ತದೆ. ಇಲ್ಲದಾಗ ಪಿನ್ನು ಹೊರಗೆ ಬಂದು ಜೆಟ್ ಮುಚ್ಚುತ್ತದೆ. ಕೀ ಆಫ್ ಮಾಡಿದ ಮೇಲೂ ಎಂಜಿನ್ ಕೆಲವು ಸುತ್ತು ತಿರುಗುತ್ತದಲ್ವಾ, ಆಗ ಎಳೆದುಕೊಂಡ ಪೆಟ್ರೋಲ್ ಬಿಸಿ ಸೈಲೆನ್ಸರ್‌ಗೆ ಹೋಗಿ ಢಂ ಅನ್ನದಿರಲಿ ಅಂತ ಇದನ್ನು ಇಟ್ಟಿದ್ದಾರೆ.

ಹಳೇ ಎಂಜಿನ್ನಿನಲ್ಲಿ ಇದು ಇರದೆ ಹೊಸದರಲ್ಲಿ ಇದ್ದರೆ ಮೋವರ್ ಕಡೆ ಇದಕ್ಕೆ ವೈರೇ ಇರುವುದಿಲ್ಲ. ಸ್ವಿಚ್ಚಿನ ಎಲ್ ಅಥವಾ ಎ ಪಿನ್ನಿನಿಂದ ಹೊಸ ವೈರು ಎಳೆಯಬೇಕು, ಮಧ್ಯೆ ಸಣ್ಣ ಫ್ಯೂಸ್ ಇರಲಿ. ಆ ಪಿನ್ನಿನಲ್ಲಿ ರನ್ ಮತ್ತು ಸ್ಟಾರ್ಟ್ ಎರಡರಲ್ಲೂ 12 ವೋಲ್ಟ್ ಇದೆಯಾ ಅಂತ ಮೊದಲು ನೋಡಿ. ಸ್ಟಾರ್ಟ್‌ನಲ್ಲಿ ಕರೆಂಟು ಬರದಿದ್ದರೆ ಎಂಜಿನ್ ತಿರುಗುವಾಗ ಪೆಟ್ರೋಲ್ ಸಿಗುವುದಿಲ್ಲ. ಎರಡು ವೈರಿನ ಸೊಲೆನಾಯ್ಡಾದರೆ ಇನ್ನೊಂದನ್ನು ಅರ್ತ್ ಮಾಡಿ. ಜೋಡಿಸಿ ಕೀ ಆನ್ ಮಾಡಿದರೆ ಬೆರಳಿಗೆ ಗೊತ್ತಾಗುವಷ್ಟು ಒಂದು ಟಕ್ ಬರಬೇಕು.

ಚಾರ್ಜಿಂಗ್

ಇಲ್ಲಿ ಎರಡು ಎಂಜಿನ್‌ಗಳ ನಡುವೆ ವ್ಯತ್ಯಾಸ ಜಾಸ್ತಿ. ಫ್ಲೈವೀಲಿನ ಕೆಳಗಿನ ಸ್ಟೇಟರ್ ಹುಟ್ಟಿಸುವುದು ಎಸಿ. ಬ್ಯಾಟರಿಗೆ ಬೇಕಾದದ್ದು ಡಿಸಿ. ಎಸಿ ವೈರನ್ನು ನೇರವಾಗಿ ಬ್ಯಾಟರಿಗೆ ಕೊಡುವ ಮಾತೇ ಇಲ್ಲ.

ಸಣ್ಣ ಎಂಜಿನ್‌ಗಳಲ್ಲಿ 3 ಆಂಪಿನ ಸರಳ ವ್ಯವಸ್ಥೆ ಇರುತ್ತದೆ. ವೈರಿನ ಒಳಗೇ ಒಂದು ಡಯೋಡ್ ಕೂತಿರುತ್ತದೆ, ರೆಗ್ಯುಲೇಟರ್ (ಎಸಿಯನ್ನು ಡಿಸಿ ಮಾಡಿ ವೋಲ್ಟ್ ಮಿತಿಯಲ್ಲಿಡುವ ಭಾಗ) ಇರುವುದಿಲ್ಲ. ಬ್ರಿಗ್ಸ್‌ನ ಎರಡು ವೈರಿನದರಲ್ಲಿ ಕೆಂಪು ವೈರು ಬ್ಯಾಟರಿಗೆ ಡಿಸಿ ಕೊಡುತ್ತದೆ, ಕಪ್ಪು ವೈರು ಹೆಡ್‌ಲೈಟಿಗೆ ಎಸಿ. ದೊಡ್ಡ ಎಂಜಿನ್‌ಗಳಲ್ಲಿ ಸ್ಟೇಟರಿನ ಎರಡು ವೈರೂ ರೆಗ್ಯುಲೇಟರಿಗೆ ಹೋಗುತ್ತವೆ, ಅಲ್ಲಿಂದ ಒಂದೇ ಡಿಸಿ ವೈರು ಹೊರಗೆ ಬರುತ್ತದೆ. ಕೊಹ್ಲರ್‌ನ ರೆಗ್ಯುಲೇಟರಿನಲ್ಲಿ ಸಾಮಾನ್ಯವಾಗಿ ಅಕ್ಕಪಕ್ಕದ ಎರಡು ಪಿನ್ನು ಎಸಿ, ನಡುವಿನದು ಬ್ಯಾಟರಿಗೆ.

ಹಳೆಯದು ಎರಡು ವೈರಿನದು, ಹೊಸದು ರೆಗ್ಯುಲೇಟರ್ ಇರುವುದು ಅಂತಾದರೆ ಹೆಡ್‌ಲೈಟಿಗೆ ಎಸಿ ಸಿಗುವುದಿಲ್ಲ. ಆ ವೈರನ್ನು ಮೋವರ್ ಕಡೆ ಬೇರೆ ಮಾಡಿ, ಲೈಟಿಗೆ ಸ್ವಿಚ್ಚಿನ ಎಲ್ ಪಿನ್ನಿನಿಂದ ಫ್ಯೂಸ್ ಮೂಲಕ ಕರೆಂಟು ಕೊಡಿ. ಒಳಗೆ ತಂತಿ ಉರಿಯುವ ಬಲ್ಬಿಗೆ ಎಸಿ, ಡಿಸಿ ಎರಡೂ ಒಂದೇ. ಚಾರ್ಜಿಂಗ್ ವೈರು ಹಳೆಯದು ತೆಳುವಾಗಿದ್ದರೆ ಬದಲಿಸಿ: 3 ಆಂಪಿಗೆ ಲೆಕ್ಕ ಹಾಕಿ ಎಳೆದ ವೈರಿನಲ್ಲಿ 16 ಆಂಪ್ ಹರಿಸಬಾರದು. 2.5 ಚದರ ಮಿಲಿಮೀಟರ್ ಹಾಕಿ, 20 ಆಂಪ್ ಫ್ಯೂಸ್ ಇಡಿ.

ಇದರ ಉಲ್ಟಾ ಆದಾಗ ಕಷ್ಟ. ನಿಮ್ಮ ಮೋವರ್‌ನಲ್ಲಿ ಬ್ಲೇಡಿಗೆ ಎಲೆಕ್ಟ್ರಿಕ್ ಕ್ಲಚ್ ಇದ್ದರೆ ಅದೊಂದೇ ನಾಲ್ಕೈದು ಆಂಪ್ ಎಳೆಯುತ್ತದೆ. 3 ಆಂಪಿನ ಎಂಜಿನ್ ಅದಕ್ಕೆ ಸಾಲುವುದಿಲ್ಲ. ಮೊದಮೊದಲು ಎಲ್ಲ ಸರಿ ಕಾಣುತ್ತದೆ, ಹುಲ್ಲು ಕತ್ತರಿಸುತ್ತಾ ಹೋದಂತೆ ಬ್ಯಾಟರಿ ಇಳಿದು ಕ್ಲಚ್ ಜಾರುತ್ತದೆ. ಎಂಜಿನ್ ಕೊಳ್ಳುವ ಮುಂಚೆಯೇ ನೋಡಬೇಕಾದ ಸಂಗತಿ ಇದು. ಶಾಫ್ಟಿನ ದಪ್ಪ, ಉದ್ದ ಎಲ್ಲರೂ ಅಳೆಯುತ್ತಾರೆ, ಆಲ್ಟರ್ನೇಟರ್ ಎಷ್ಟು ಆಂಪಿನದು ಅಂತ ಕೇಳುವವರು ಕಡಿಮೆ.

ರೆಗ್ಯುಲೇಟರಿನ ಮೈಯೇ ಅದರ ಅರ್ತ್. ಎಂಜಿನ್ನಿನ ತಗಡಿಗೆ ಅದು ಲೋಹಕ್ಕೆ ಲೋಹ ತಾಗುವ ಹಾಗೆ ಬಿಗಿಯಿರಿ. ಬ್ಯಾಟರಿಯನ್ನು ಒಮ್ಮೆ ಉಲ್ಟಾ ಜೋಡಿಸಿದರೂ ರೆಗ್ಯುಲೇಟರ್ ಅಥವಾ ಡಯೋಡ್ ಹೋಗುತ್ತದೆ. ಎಂಜಿನ್ ಓಡುತ್ತಿರುವಾಗ ಬ್ಯಾಟರಿ ಬಿಚ್ಚಬೇಡಿ.

ಅರ್ತ್

ಹೊಸ ಎಂಜಿನ್ನಿನ ತಳಕ್ಕೂ ಪೇಂಟ್, ಚಾಸಿಗೂ ಪೇಂಟ್. ನಾಲ್ಕು ಬೋಲ್ಟು ಬಿಗಿದರೂ ಕರೆಂಟಿಗೆ ಸರಿಯಾದ ದಾರಿ ಇಲ್ಲದಿರಬಹುದು. ಸ್ಟಾರ್ಟರ್ ಎಳೆಯುವ ಅಷ್ಟೂ ಕರೆಂಟು ಎಂಜಿನ್ನಿನ ಮೈ ಮೂಲಕವೇ ಬ್ಯಾಟರಿಗೆ ವಾಪಸ್ ಹೋಗಬೇಕು. ಅದಕ್ಕೆ ಬ್ಯಾಟರಿಯ ನೆಗೆಟಿವ್ ಕೇಬಲನ್ನೇ ಎಂಜಿನ್ನಿನ ಒಂದು ಬೋಲ್ಟಿಗೆ ನೇರವಾಗಿ ತರುವುದು ಒಳ್ಳೆಯದು. ಚಾಸಿಗೆ ಅಲ್ಲಿಂದ ಇನ್ನೊಂದು ವೈರು. ಕೂರುವ ಜಾಗವನ್ನು ಎಮರಿ ಪೇಪರಿನಿಂದ ಹೊಳೆಯುವ ತನಕ ಉಜ್ಜಿ, ಹಲ್ಲು ವಾಷರ್ ಹಾಕಿ ಬಿಗಿಯಿರಿ, ಮೇಲೆ ಸ್ವಲ್ಪ ಗ್ರೀಸ್ ಸವರಿ.

ಸೇಫ್ಟಿ ಸ್ವಿಚ್ಚುಗಳನ್ನು ಬಿಟ್ಟುಬಿಡಬೇಡಿ

ಎಂಜಿನ್ ಸ್ಟಾರ್ಟ್ ಆಗುತ್ತಿಲ್ಲ ಅಂತ ಸೀಟಿನ ಸ್ವಿಚ್ಚಿಗೆ ಒಂದು ವೈರು ಸುತ್ತಿ, ‘ಆಮೇಲೆ ನೋಡೋಣ’ ಅನ್ನುವವರು ಬಹಳ. ಆ ಆಮೇಲೆ ಬರುವುದೇ ಇಲ್ಲ. ಇಳಿಜಾರಿನಲ್ಲಿ ಸವಾರ ಜಾರಿ ಬಿದ್ದರೆ, ಪಕ್ಕದಲ್ಲಿ ಮಗು ಇದ್ದರೆ, ಬ್ಲೇಡ್ ನಿಲ್ಲಿಸುವುದು ಆ ಸಣ್ಣ ಸ್ವಿಚ್ಚು. ಬ್ರೇಕ್ ಮತ್ತು ಬ್ಲೇಡ್ ಸ್ವಿಚ್ಚುಗಳು ಸಾಮಾನ್ಯವಾಗಿ ಸ್ಟಾರ್ಟ್ ವೈರಿನ ದಾರಿಯಲ್ಲಿ ಸಾಲಾಗಿ ಕೂತಿರುತ್ತವೆ. ಸೀಟಿನದು ಕಿಲ್ ವೈರನ್ನು ಅರ್ತ್ ಮಾಡುತ್ತದೆ. ಮೋವರ್‌ನ ಮೂಲ ಕಿಲ್ ವೈರನ್ನೇ ಬಳಸಿದರೆ ಇವೆಲ್ಲ ತಾವಾಗಿಯೇ ಕೆಲಸ ಮಾಡುತ್ತವೆ. ಬೇರೆ ಟಾಗಲ್ ಸ್ವಿಚ್ ಹಾಕಿ ಕಿಲ್ ವೈರನ್ನು ನೇರವಾಗಿ ಎಳೆದರೆ ಎಲ್ಲವೂ ತಪ್ಪಿಹೋಗುತ್ತವೆ.

ಜೋಡಣೆ ಮತ್ತು ಮೊದಲ ಕರೆಂಟು

ತಿರುಚಿ ಟೇಪು ಸುತ್ತಿದ ಜೋಡಣೆ ಎಂಜಿನ್ನಿನ ಅದುರುವಿಕೆಗೆ ನಿಲ್ಲುವುದಿಲ್ಲ. ವೈರಿನ ತುದಿಗೆ ಲೋಹದ ಕನೆಕ್ಟರ್ ಹಾಕಿ ಸರಿಯಾದ ಕ್ರಿಂಪಿಂಗ್ ಇಕ್ಕಳದಿಂದ ಒತ್ತಿ, ಒಳಗೆ ಅಂಟು ಇರುವ ಹೀಟ್ ಶ್ರಿಂಕ್ ಸ್ಲೀವ್ ಹಾಕಿ. ಒತ್ತಿದ ಮೇಲೆ ವೈರನ್ನು ಕೈಯಿಂದ ಬಲವಾಗಿ ಎಳೆದು ನೋಡಿ. ಬಂದರೆ ಈಗಲೇ ಬರಲಿ. ಸೈಲೆನ್ಸರ್, ಫ್ಲೈವೀಲಿನ ಮೇಲಿನ ಜಾಲರಿ, ಗವರ್ನರಿನ (ಎಂಜಿನ್ ವೇಗ ಹಿಡಿತದಲ್ಲಿಡುವ ಭಾಗ) ಕಡ್ಡಿ, ಇವುಗಳಿಂದ ವೈರು ದೂರ ಇರಲಿ. ತಗಡಿನ ತೂತಿನಲ್ಲಿ ಹಾದುಹೋಗುವ ಕಡೆ ರಬ್ಬರ್ ಗ್ರೊಮೆಟ್ ಬೇಕು.

ಎಲ್ಲ ಮುಗಿದ ಮೇಲೆ ಬ್ಯಾಟರಿಗೆ ನೇರ ಜೋಡಿಸಬೇಡಿ. 12 ವೋಲ್ಟಿನ 21 ವಾಟ್ ಬಲ್ಬೊಂದನ್ನು ನೆಗೆಟಿವ್ ಕೇಬಲ್ ಮತ್ತು ಬ್ಯಾಟರಿಯ ನೆಗೆಟಿವ್ ನಡುವೆ ಹಿಡಿಯಿರಿ. ಇಂಡಿಕೇಟರ್ ಬಲ್ಬ್ ಆದರೆ ಸಾಕು. ಕೀ ಆಫ್ ಇದ್ದಾಗ ಬಲ್ಬು ಉರಿಯಬಾರದು. ಝಗ್ಗನೆ ಉರಿದರೆ ಎಲ್ಲೋ ಶಾರ್ಟ್ ಇದೆ, ಆದರೆ ಬಲ್ಬು ತಡೆದದ್ದರಿಂದ ಒಂದು ವೈರೂ ಸುಡುವುದಿಲ್ಲ. ಒಂದೊಂದೇ ಪ್ಲಗ್ ಕಳಚುತ್ತಾ ಹೋಗಿ, ಬಲ್ಬು ಆರಿದ ಜಾಗದಲ್ಲಿ ತಪ್ಪಿದೆ. ಕೀ ರನ್‌ಗೆ ತಂದಾಗ ಪೆಟ್ರೋಲ್ ಸೊಲೆನಾಯ್ಡಿನಿಂದಾಗಿ ಬಲ್ಬು ಮಂಕಾಗಿ ಉರಿದರೆ ಅದು ಸರಿ. ಬಲ್ಬು ಇರುವಾಗ ಸ್ಟಾರ್ಟ್ ಮಾಡಲು ಹೋಗಬೇಡಿ.

ಸ್ಟಾರ್ಟ್ ಮಾಡಿ

ಆಯಿಲ್ ನೋಡಿದಿರಾ? ಹೊಸ ಎಂಜಿನ್‌ಗಳು ಹೆಚ್ಚಾಗಿ ಆಯಿಲ್ ಇಲ್ಲದೆ ಬರುತ್ತವೆ.

ಪೂರ್ತಿ ಚಾರ್ಜ್ ಆದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಬೇಕು. ಸ್ಟಾರ್ಟರ್ ತಿರುಗುವಾಗ 9.6ಕ್ಕಿಂತ ಕೆಳಗೆ ಇಳಿಯಬಾರದು. ಎಂಜಿನ್ ನಿಧಾನವಾಗಿ ತಿರುಗಿದರೆ ತಿರುಗುತ್ತಿರುವಾಗಲೇ ಬ್ಯಾಟರಿ ನೆಗೆಟಿವ್ ಮತ್ತು ಎಂಜಿನ್ ಮೈ ನಡುವೆ ವೋಲ್ಟ್ ನೋಡಿ. ಅರ್ಧ ವೋಲ್ಟಿಗಿಂತ ಜಾಸ್ತಿ ಇದ್ದರೆ ಅರ್ತ್ ಮತ್ತೆ ಉಜ್ಜಬೇಕು.

ಎಂಜಿನ್ ಹಿಡಿದ ತಕ್ಷಣ ಖುಷಿಯಲ್ಲಿ ಓಡಿಸಬೇಡಿ. ಮೊದಲು ಕೀ ಆಫ್ ಮಾಡಿ, ನಿಲ್ಲುತ್ತದಾ ನೋಡಿ. ನಿಲ್ಲದಿದ್ದರೆ ಚೋಕ್ ಎಳೆದು ಅಥವಾ ಪೆಟ್ರೋಲ್ ಮುಚ್ಚಿ ನಿಲ್ಲಿಸಿ. ಕಿಲ್ ವೈರ್ ಬಿಟ್ಟುಹೋಗಿದೆ, ಇಲ್ಲವೇ ಸ್ವಿಚ್ಚಿನ ಜಿ ಪಿನ್ನಿಗೆ ಅರ್ತ್ ಇಲ್ಲ. ಆಮೇಲೆ ಬ್ಲೇಡ್ ಹಾಕಿ ಸೀಟಿನಿಂದ ಸ್ವಲ್ಪ ಮೇಲೆದ್ದು ನೋಡಿ, ಎಂಜಿನ್ ನಿಲ್ಲಬೇಕು. ಕೊನೆಗೆ ಪೂರ್ತಿ ಥ್ರಾಟಲ್‌ನಲ್ಲಿ ಬ್ಯಾಟರಿಯ ವೋಲ್ಟ್ ನೋಡಿ. ರೆಗ್ಯುಲೇಟರ್ ಇರುವ ಎಂಜಿನ್ನಿನಲ್ಲಿ 13.5ರಿಂದ 14.7ರ ಒಳಗೆ ಬರಬೇಕು. ಏರದೇ ಇದ್ದರೆ ಸ್ಟೇಟರಿನ ಪ್ಲಗ್ ಕಳಚಿ, ಎರಡು ವೈರಿನ ನಡುವೆ ಎಸಿ ಅಳೆಯಿರಿ. 3600 ಆರ್‌ಪಿಎಂನಲ್ಲಿ ಬ್ರಿಗ್ಸ್‌ನ 16 ಆಂಪಿನದು ಸುಮಾರು 30 ವೋಲ್ಟ್, ಕೊಹ್ಲರ್‌ನ 15 ಆಂಪಿನದು 28ಕ್ಕೂ ಹೆಚ್ಚು ಕೊಡಬೇಕು. ಎಸಿ ಸರಿಯಿದ್ದರೆ ತಪ್ಪು ರೆಗ್ಯುಲೇಟರಿನದು, ಅದರ ಅರ್ತಿನದು ಅಥವಾ ಅಲ್ಲಿಂದ ಬ್ಯಾಟರಿಗೆ ಹೋಗುವ ವೈರಿನದು.

ತಿರುಗುತ್ತದೆ, ಸ್ಪಾರ್ಕ್ ಇಲ್ಲ ಅಂತಾದರೆ ಕಿಲ್ ವೈರನ್ನು ಎಂಜಿನ್ ಹತ್ತಿರವೇ ಕಳಚಿ ನೋಡಿ. ಸ್ಪಾರ್ಕ್ ಬಂದರೆ ತೊಂದರೆ ಮೋವರ್ ಕಡೆಯ ವೈರಿಂಗಿನಲ್ಲಿ, ಬಾರದಿದ್ದರೆ ಎಂಜಿನ್ನಿನಲ್ಲಿ. ಹೀಗೆ ಕಳಚಿದಾಗ ಕೀಯಿಂದ ಎಂಜಿನ್ ನಿಲ್ಲುವುದಿಲ್ಲ, ಅದು ನೆನಪಿರಲಿ. ಸ್ಟಾರ್ಟ್‌ನಲ್ಲಿ ಹಿಡಿದು, ಕೀ ಬಿಟ್ಟ ಕೂಡಲೇ ಸತ್ತುಹೋದರೆ ಹೆಚ್ಚಾಗಿ ರನ್ ಸ್ಥಾನದಲ್ಲಿ ಪೆಟ್ರೋಲ್ ಸೊಲೆನಾಯ್ಡಿಗೆ ಕರೆಂಟು ಬರುತ್ತಿಲ್ಲ ಅಂತ ಅರ್ಥ. ಬ್ಲೇಡ್ ಹಾಕಿದಾಗ ಮಾತ್ರ ನಿಂತರೆ ಸೀಟಿನ ಸ್ವಿಚ್ಚಿನ ಪ್ಲಗ್ ಸರಿಯಾಗಿ ಕೂತಿದೆಯಾ ನೋಡಿ.

ನೀವು ಮಾಡಿದ ವೈರಿಂಗನ್ನು ಒಂದು ಕಾಗದದಲ್ಲಿ ಬರೆದು, ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಬಾನೆಟ್ಟಿನ ಒಳಗಡೆ ಅಂಟಿಸಿಡಿ. ಈಗ ಈ ಮೋವರ್ ಯಾವ ಕಂಪನಿಯ ನಕ್ಷೆಗೂ ಹೊಂದುವುದಿಲ್ಲ. ಐದಾರು ಗಂಟೆ ಓಡಿಸಿದ ಮೇಲೆ ಬ್ಯಾಟರಿ, ಸೊಲೆನಾಯ್ಡ್, ಸ್ಟಾರ್ಟರ್, ಅರ್ತ್ ಬೋಲ್ಟುಗಳಿಗೆಲ್ಲ ಇನ್ನೊಮ್ಮೆ ಸ್ಪಾನರ್ ಹಾಕಿ. ಕೇಬಲ್ ತುದಿಯ ಹೊಸ ಲಗ್ಗುಗಳು (ಬೋಲ್ಟಿಗೆ ಕೂರುವ ಲೋಹದ ಉಂಗುರ) ಅದುರಿ ಕೂತ ಮೇಲೆ ಅರ್ಧ ಸುತ್ತು ಬಿಗಿ ತೆಗೆದುಕೊಳ್ಳುವುದುಂಟು.